ಮುಟ್ಟದೆ ಕೊಟ್ಟ ಖೋ

ಶಾಂಭವಿ ಏಳನೇ ತರಗತಿಯ ಲೀಡರ್, ಶಾಲೆಯ ಖೋ-ಖೋ ತಂಡದ ನಾಯಕಿ. ಆಕೆಗೆ ಮೂಗಿನ ತುದಿಯಲ್ಲಿ ಕೋಪ, ತಲೆಯ ತುಂಬ ಜಂಬ. ಹುಲಿಗೆಮ್ಮ ಎಂಬ ಹುಡುಗಿ ತರಗತಿಗೆ ಹೊಸದಾಗಿ ಸೇರಿದಳು. ಅವಳ ಅಪ್ಪ ಸಂತೆಯಲ್ಲಿ ಒಣಮೀನು ಮಾರುತ್ತಾನೆ ಎಂದು ಗೊತ್ತಾಗಿದ್ದೇ ತಡ, ಶಾಂಭವಿ ಅಪ್ಪಣೆ ಹೊರಡಿಸಿದಳು.

“ಆಕೀನ್ನ ಯಾರೂ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಮೀನಿನ ವಾಸನಿ ಹತ್ತತೈತಿ.”

ಲೀಡರ್ ಮಾತು ಅಂದರೆ ಮಾತು. ಬೆಂಚಿನಲ್ಲಿ ಹುಲಿಗೆಮ್ಮನ ಪಕ್ಕ ಖಾಲಿ, ಬಿಸಿಯೂಟದ ಸಾಲಿನಲ್ಲಿ ಆಚೀಚೆ ಖಾಲಿ. ಒಬ್ಬಳೇ ಉಣ್ಣುವುದನ್ನು, ಒಬ್ಬಳೇ ಆಡುವುದನ್ನು ಆಕೆ ಕಲಿತಳು. ಇಂಥದ್ದನ್ನು ಯಾವ ಮಗುವೂ ಕಲಿಯಬಾರದು.

ಅಷ್ಟರಲ್ಲಿ ಪಕ್ಕದ ಊರಿನ ಶಾಲೆಯೊಂದಿಗೆ ಪಂದ್ಯ ಬಂತು. ಗೆದ್ದವರು ತಾಲೂಕು ಮಟ್ಟಕ್ಕೆ ಹೋಗುತ್ತಾರೆ. ಶಾಂಭವಿ ಹೋದ ವರ್ಷದಿಂದ ಕಾಯುತ್ತಿದ್ದದ್ದು ಇದಕ್ಕೇ. ಆದರೆ ಹಿಂದಿನ ದಿನ ತಂಡದ ಒಬ್ಬಳಿಗೆ ಜ್ವರ ಬಂತು. ಆಟ ಕಲಿಸುವ ಅಕ್ಕೋರು ಹುಲಿಗೆಮ್ಮನ ಓಟ ಕಂಡವರು, ಅವಳನ್ನೇ ಸೇರಿಸಿದರು. ಅಕ್ಕೋರ ಮುಂದೆ ಶಾಂಭವಿ ತಲೆಯಾಡಿಸಿದಳು. ಹಿಂದೆ ಬಂದು ಗೆಳತಿಯರಿಗೆ ಹೇಳಿದಳು: “ಸಾಲಿನ್ಯಾಗ ಕುಂದರ್ಲಿ ಬಿಡ್ರಿ. ಆದ್ರ ಆಕಿಗೆ ಯಾರೂ ಖೋ ಕೊಡಬ್ಯಾಡ್ರಿ.”

ಖೋ-ಖೋ ಆಟಕ್ಕೆ ಇಂಥ ಮಡಿವಂತಿಕೆ ತಿಳಿಯದು. ಕೂತವಳ ಬೆನ್ನು ಮುಟ್ಟಿ ‘ಖೋ’ ಎಂದರೆ ಮಾತ್ರ ಆಕೆ ಎದ್ದು ಅಟ್ಟಬೇಕು. ಅಟ್ಟುವವಳು ಕೂತವರ ಸಾಲು ದಾಟುವ ಹಾಗಿಲ್ಲ. ತಪ್ಪಿಸಿಕೊಳ್ಳುವವರು ಮಾತ್ರ ಎಲ್ಲಿ ಬೇಕಾದರೂ ನುಸುಳಬಹುದು.

ಪಂದ್ಯದ ದಿನ ಮೊದಲು ಅಟ್ಟುವ ಸರದಿ ಶಾಂಭವಿಯ ತಂಡಕ್ಕೆ ಬಂತು. ಎದುರು ತಂಡದಲ್ಲಿ ರೇಣವ್ವ ಎಂಬ ಮೋಟು ಜಡೆಯ ಚೂಟಿ ಹುಡುಗಿ ಇದ್ದಳು. ಸಾಲಿನ ನಡುವೆ ಕೂತ ಒಬ್ಬಳು ಏಳುವುದೇ ಇಲ್ಲ ಎಂಬುದು ಅವಳ ಕಣ್ಣಿಗೆ ಬಿತ್ತು. ಆಮೇಲೆ ಆಕೆ ಓಡುವ ಗೋಜಿಗೇ ಹೋಗಲಿಲ್ಲ. ನೆಟ್ಟಗೆ ಬಂದು ಹುಲಿಗೆಮ್ಮನ ಮುಂದೆ ನಿಂತಳು. ನಿಂತು, ರಿಬ್ಬನ್ ಬಿಚ್ಚಿ ಹೊಸದಾಗಿ ಕಟ್ಟಿಕೊಳ್ಳತೊಡಗಿದಳು!

ಶಾಂಭವಿ ಹುಲಿಗೆಮ್ಮನ ಬೆನ್ನ ಹಿಂದೆ ಬಂದಳು. ಮುಟ್ಟಿದರೆ ತನ್ನ ಮಾತು ಹೋಗುತ್ತದೆ, ಮುಟ್ಟದಿದ್ದರೆ ಪಂದ್ಯ ಹೋಗುತ್ತದೆ. ಬುದ್ಧಿವಂತೆಯಲ್ಲವೇ, ನಡುದಾರಿ ಹುಡುಕಿದಳು. ಬೆನ್ನಿನಿಂದ ಗೇಣು ದೂರದಲ್ಲಿ ಗಾಳಿಯಲ್ಲೇ ಕೈಯಾಡಿಸಿ “ಖೋ!” ಎಂದಳು.

ಅಂಪೈರ್ ಪೀಪಿ ಊದಿದರು. “ಫೌಲ್! ಮುಟ್ಟಿ ಕೊಡವಾ. ಆಶೀರ್ವಾದ ಮಾಡಾಕ ಬಂದಿಯೇನು?”

ಮೈದಾನವೆಲ್ಲ ಗೊಳ್ಳೆಂದಿತು. ಶಾಂಭವಿ ಹಟಕ್ಕೆ ಬಿದ್ದು ಕಂಬ ಸುತ್ತಿ ಸುತ್ತಿ ತಾನೇ ಓಡಿದಳು. ಆಕೆ ಈ ಕಡೆ ಬಂದರೆ ರೇಣವ್ವ ಆ ಕಡೆ. ನಾಲಿಗೆ ಹೊರಬಂತೇ ಹೊರತು ರೇಣವ್ವ ಸಿಗಲಿಲ್ಲ. “ಅಕ್ಕಾ, ನೀರು ಕುಡೀತೀಯೇನು?” ಎಂದು ರೇಣವ್ವ ವಿಚಾರಿಸಿಕೊಂಡಳು ಬೇರೆ. ಸಮಯ ಮುಗಿಯಿತು.

ಬಿಡುವಿನಲ್ಲಿ ಗೆಳತಿಯೊಬ್ಬಳು, “ಈಕಿ ಬಂದದ್ದಕ್ಕ ಹಿಂಗಾತು” ಎಂದು ಹುಲಿಗೆಮ್ಮನ ಕಡೆ ಬೆರಳು ಮಾಡಿದಳು.

ಹುಲಿಗೆಮ್ಮ ಅಷ್ಟು ದಿನ ನುಂಗಿಕೊಂಡದ್ದು ಹೊರಬಂತು. “ಆಕಿ ನನ್ನ ಮುಂದನ ನಿಂತಿದ್ಲು. ಕೈ ಚಾಚಿದ್ರ ಸಿಗತಿದ್ಲು. ನಾ ಏನ್ ಮಾಡಬೇಕಿತ್ತು? ನೀನ ಹೇಳು ಶಾಂಭವಿ.”

ಶಾಂಭವಿಗೆ ಉತ್ತರ ಗೊತ್ತಿತ್ತು.

ಮತ್ತೆ ಅಟ್ಟುವ ಸರದಿ ಬಂದಾಗ ರೇಣವ್ವ ಹಾಯಾಗಿ ತನ್ನ ಹಳೆಯ ಜಾಗಕ್ಕೆ ಬಂದು ರಿಬ್ಬನ್‌ಗೆ ಕೈ ಹಾಕಿದಳು. ಶಾಂಭವಿ ಓಡಿಬಂದವಳೇ ಹುಲಿಗೆಮ್ಮನ ಬೆನ್ನಿಗೆ ಧಪ್ಪೆಂದು ಬಡಿದು “ಖೋ!” ಎಂದು ಕಿರುಚಿದಳು. ಗಂಟು ಬೀಳುವ ಮೊದಲೇ ರೇಣವ್ವ ಔಟ್! ಆಮೇಲೆ ಖೋ ಮೇಲೆ ಖೋ. ಓಡುವವರು ಒಬ್ಬೊಬ್ಬರಾಗಿ ಹುಲಿಗೆಮ್ಮನ ಕೈಗೆ ಸಿಕ್ಕರು.

ಆದರೂ ಶಾಂಭವಿಯ ತಂಡ ಒಂದೇ ಪಾಯಿಂಟಿನಿಂದ ಸೋತಿತು.

ಶಾಂಭವಿ ಮಣ್ಣಿನಲ್ಲೇ ಕೂತು ಅತ್ತಳು. ಸೋಲಿಸಿದ್ದು ತಾನೇ ಎಂದು ಆಕೆಗೆ ತಿಳಿದಿತ್ತು. ಹುಲಿಗೆಮ್ಮ ಹತ್ತಿರ ಬಂದು ನಿಂತಳು. ಎಬ್ಬಿಸಬೇಕೆಂದು ಅವಳಿಗೆ ಆಸೆ, ಆದರೆ ಎರಡೂ ಕೈ ಬೆನ್ನ ಹಿಂದೆ ಬಿಗಿಹಿಡಿದಿದ್ದಳು. ತನ್ನನ್ನು ಯಾರೂ ಮುಟ್ಟಬಾರದು ಎಂಬುದು ಅವಳಿಗೂ ರೂಢಿಯಾಗಿಬಿಟ್ಟಿತ್ತು. ಅದನ್ನು ಕಂಡು ಶಾಂಭವಿಗೆ ಸೋಲಿಗಿಂತ ಹೆಚ್ಚು ಸಂಕಟವಾಯಿತು.

“ತಪ್ಪಾತು ಹುಲಿಗೆಮ್ಮ. ನನ್ನ ಎಬ್ಬಸು” ಎಂದು ತಾನೇ ಕೈ ಚಾಚಿದಳು.

ಹುಲಿಗೆಮ್ಮ ಆ ಕೈಯನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಗಟ್ಟಿಯಾಗಿ ಹಿಡಿದು ಎಳೆದಳು.

“ಯವ್ವಾ, ಎಷ್ಟ ಭಾರ ಅದೀಯಬೇ ನೀ!” ಎಂದಳು.

ನೀತಿ: ಜೊತೆಯವರನ್ನು ದೂರ ಇಟ್ಟವರು ತಮ್ಮ ಬಲವನ್ನೇ ದೂರ ಇಡುತ್ತಾರೆ. ತಪ್ಪು ತಿಳಿದ ಮೇಲೆ ಮೊದಲು ಕೈ ಚಾಚಬೇಕಾದವರು ತಪ್ಪು ಮಾಡಿದವರೇ.