ಜಾಗದ ಜಂಬ

ನಾಗವೇಣಿ ತನ್ನ ವಿಡಿಯೋ ಗೇಮ್ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ ಹಳೆಯ ಹಾರ್ಡ್ ಡಿಸ್ಕನ್ನು ಹೊರತೆಗೆದಳು. ಅದರಲ್ಲಿದ್ದುದನ್ನೆಲ್ಲ ಹೊಸ ಡಿಸ್ಕಿಗೆ ಕಾಪಿ ಮಾಡಲು ಎರಡನ್ನೂ ಕಂಪ್ಯೂಟರಿಗೆ ಜೋಡಿಸಿದಳು.

ಹೊಸದು ಎದೆ ಉಬ್ಬಿಸಿತು. "ಏನಜ್ಜಾ, ನಾಲ್ಕು ಆಟ ಹೊತ್ತಿದ್ದಕ್ಕೇ ಇಷ್ಟು ಏದುಸಿರಾ? ನನ್ನೊಳಗೆ ನಿನ್ನಂಥ ಎಂಟು ಜನ ಕಾಲು ಚಾಚಿ ಮಲಗಬಹುದು!"

"ಇರಬಹುದು ತಮ್ಮಾ. ಆದರೆ ಆಟಗಳನ್ನಷ್ಟೇ ತಗೋ. ನನ್ನ ಮೂಲೆಯಲ್ಲಿ ಒಬ್ಬ ಆಟಗಾರನಿದ್ದಾನೆ. ಈ ಮನೆಯವರು ಯಾರೂ ಅವನನ್ನು ಸೇರಿಸಿದ್ದಲ್ಲ. ಅವನು ಅಲ್ಲಾಡದ ಹಾಗೆ ಸುತ್ತಲೂ ಆಟಗಳನ್ನು ಒತ್ತಿ ತುಂಬಿಕೊಂಡಿದ್ದೇನೆ. ಏದುಸಿರು ಅದಕ್ಕೇ."

"ಥೂ, ಪುಕ್ಕಲ! ಅವನನ್ನೂ ಕಳಿಸು. ಬಂದವರಿಗೆ ಜಾಗವಿಲ್ಲ ಅನ್ನುವ ಪೈಕಿ ನಾನಲ್ಲ."

ಕಾಪಿ ಮುಗಿಯಿತು. ನಾಗವೇಣಿ ಹೊಸ ಡಿಸ್ಕನ್ನು ಪೆಟ್ಟಿಗೆಯೊಳಗೆ ಕೂರಿಸಿ, ಸ್ಕ್ರೂ ಬಿಗಿದು, ಸ್ವಿಚ್ ಹಾಕಿದಳು. ಬಂದ ಆಟಗಳೆಲ್ಲ ಒಂದು ಮೂಲೆಗೇ ಸಾಲದಾದವು. ಉಳಿದದ್ದೆಲ್ಲ ಬರೀ ಖಾಲಿ ಹಜಾರ. ಆ ಹಜಾರದಲ್ಲಿ ಯಾರೋ ನಡೆಯತೊಡಗಿದರು, ಮೆಲ್ಲಗೆ, ಕತ್ತಲಲ್ಲಿ ಗೋಡೆ ತಡವುತ್ತಾ ಬರುವವರ ಹಾಗೆ.

"ಅಜ್ಜಾ! ಅಜ್ಜಾ!" ಎಂದು ಹೊಸದು ಕೂಗಿಕೊಂಡಿತು. ಮೇಜಿನ ಮೇಲೆ ಬಿದ್ದಿದ್ದ ಹಳೆಯದಕ್ಕೆ ಈಗ ಕರೆಂಟಿರಲಿಲ್ಲ, ಕಿವಿಯೂ ಇರಲಿಲ್ಲ.

ಹೆಜ್ಜೆಗಳು ಹತ್ತಿರ ಬಂದು ನಿಂತವು. "ಒಳ್ಳೆ ಮನೆ," ಎಂದಿತು ಒಂದು ತಣ್ಣನೆಯ ದನಿ. "ನಮ್ಮವರನ್ನೂ ಕರೀಲಾ? ಜಾಗ ಇದೆಯಲ್ಲ?"

"ಒಂದು ಚೂರೂ ಇಲ್ಲಣ್ಣಾ," ಎಂದು ಹೊಸದು ಸುಳ್ಳು ಹೇಳಿತು.

ಆ ಮಾತು ಖಾಲಿ ಹಜಾರದ ಕೊನೆಯವರೆಗೂ ಹೋಗಿ, "ಇಲ್ಲಣ್ಣಾ, ಇಲ್ಲಣ್ಣಾ, ಇಲ್ಲಣ್ಣಾ" ಎಂದು ಬಹಳ ಹೊತ್ತು ಮೊಳಗಿತು.