ಮ್ಯಾನೇಜರ ಪ್ಯಾಂಟಿಗೆ ದಾರ

ಮದ್ದೂರಿನ ಆಚೆ ಒಂದು ಗಾರ್ಮೆಂಟ್ಸ್ ಕಾರ್ಖಾನೆ. ಅಲ್ಲಿಗೆ ವರದರಾಜು ಅನ್ನೋ ಹೊಸ ಮ್ಯಾನೇಜರು ಬಂದರು. ಬಂದ ವಾರಕ್ಕೇ ಟೇಪು ಹಿಡಿದು ಒಂದು ಪ್ಯಾಂಟಿನ ಹೊಲಿಗೆಗಳನ್ನೆಲ್ಲ ಅಳೆದರು.

"ಹೊಲಿಗೆ ಇಷ್ಟೇ ಉದ್ದ. ದಾರ ಮಾತ್ರ ಮೂರು ಪಟ್ಟು ಖರ್ಚಾಗಿದೆ. ಮಿಕ್ಕಿದ್ದನ್ನ ನೀವೇ ಮನೆಗೆ ಸಾಗಿಸ್ತಿದೀರಿ! ಸೋಮವಾರದಿಂದ ಗೇಟಿನಲ್ಲಿ ಎಲ್ಲರ ಬ್ಯಾಗೂ ತಪಾಸಣೆ!" ಎಂದು ಗುಡುಗಿದರು.

ಹೆಂಗಸರ ಮುಖ ಸಣ್ಣದಾಯಿತು. ಹದಿನೈದು ವರ್ಷದಿಂದ ಅಲ್ಲೇ ಹೊಲಿಯುತ್ತಿದ್ದ ಪುಟ್ಟಗೌರಮ್ಮನಿಗೆ ಮೈಯೆಲ್ಲ ಉರಿಯಿತು. ಆದರೂ ನಗುನಗುತ್ತಲೇ ಹೇಳಿದಳು: "ನಿಮ್ಮ ಲೆಕ್ಕಾನೇ ಸರಿ ಇರಬೋದು ಸಾರ್. ಅಷ್ಟೇ ದಾರ ಅಳೆದು ಕೊಡಿ. ಮೊದಲು ನಿಮಗೇ ಒಂದು ಪ್ಯಾಂಟು ಹೊಲಿದುಕೊಡ್ತೀನಿ."

ವರದರಾಜು ಹಿಗ್ಗಿಹೋದರು. ತಾವೇ ನಿಂತು ದಾರ ಅಳೆದು ಕೊಟ್ಟರು.

ಮಾರನೇ ಬೆಳಗ್ಗೆ ಎಲ್ಲರೆದುರಿಗೆ ಪ್ಯಾಂಟು ಬಂತು. ಎಡಗಾಲು ಅಚ್ಚುಕಟ್ಟಾಗಿತ್ತು. ಬಲಗಾಲು ಸೊಂಟದಿಂದ ಪಾದದವರೆಗೂ ಬಾಯಿಬಿಟ್ಟುಕೊಂಡು ಜೋತಾಡುತ್ತಿತ್ತು.

"ಇದೇನಮ್ಮ ಇದು?"

"ನೀವು ಕೊಟ್ಟ ದಾರ ಎಡಗಾಲಿಗೇ ಮುಗಿದೋಯ್ತು ಸಾರ್. ನಾವು ಸಾಗಿಸಿದ್ದು ಏನಾದ್ರೂ ಇದೆಯಾ ಅಂತ ಮನೇಲೆಲ್ಲ ಹುಡುಕಿದೆ. ಒಂದೆಳೇನೂ ಸಿಗಲಿಲ್ಲ."

ಸುತ್ತಲೂ ನಗು ಕಿಸಕ್ಕೆಂದಿತು. ಪುಟ್ಟಗೌರಮ್ಮ ಎಡಗಾಲಿನಲ್ಲಿ ಒಂದು ಗೇಣು ಹೊಲಿಗೆ ಬಿಚ್ಚಿ, ಬಂದ ಎರಡೆಳೆ ದಾರವನ್ನೂ ಮೇಜಿನ ಮೇಲೆ ಒಂದರ ಮುಂದೊಂದು ಎಳೆದಿಟ್ಟಳು. ಹತ್ತಿರ ಹತ್ತಿರ ಮೂರು ಗೇಣು ಬಂತು.

"ಮೇಲೊಂದು ದಾರ, ಕೆಳಗೊಂದು ದಾರ. ಎರಡೂ ಬಟ್ಟೆಯೊಳಗೆ ಹತ್ತೋದು ಇಳಿಯೋದು ಮಾಡ್ತವೆ ಸಾರ್. ಕಳ್ಳ ಅಲ್ಲೇ ಕೂತವನೆ."

ವರದರಾಜು ತಲೆ ಕೆರೆದುಕೊಂಡರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ.

"ತಪಾಸಣೆ ಬೇಡ ಬಿಡಮ್ಮ. ಎಷ್ಟು ಬೇಕೋ ಅಷ್ಟು ದಾರ ತಗೋ. ಮೊದಲು ಈ ಬಲಗಾಲಿನ ಮಾನ ಕಾಪಾಡು!"