ಕೆಂಪಣ್ಣ ತೋರಿಸಿದ ದಾರಿ

ಜಾಲಿಕಾಯಿ ಮೇಯುತ್ತ ಮೈಮರೆತ ಚುಕ್ಕಿ ಎಂಬ ಕುರಿ ತಲೆಯೆತ್ತಿ ನೋಡಿದರೆ ಮಂದೆಯೇ ಮಾಯ! ಅದರ ಎಳೆಮರಿಯೂ ಮಂದೆಯ ಜೊತೆ ಹಳ್ಳದ ಕಡೆ ಹೊರಟುಹೋಗಿತ್ತು. ಮರಿಗೆ ಹಾಲು ಕುಡಿಯುವ ಹೊತ್ತು ಬೇರೆ.

ಬಯಲಲ್ಲಿ ಕೆಂಪಣ್ಣ ಎಂಬ ಮುದಿ ಎತ್ತು ನಿಂತಿತ್ತು. ಹನ್ನೆರಡು ವರ್ಷ ಎಣ್ಣೆಗಾಣ ಸುತ್ತಿ, ಮೊನ್ನೆಯಷ್ಟೇ ಬಿಡುಗಡೆಯಾಗಿ ಬಂದಿದ್ದ ಎತ್ತು ಅದು.

"ಅಣ್ಣಾ, ಹಳ್ಳದ ದಾರಿ ಗೊತ್ತಾ?"

"ನನ್ನನ್ನು ಕೇಳ್ತೀಯಾ? ನನ್ನಷ್ಟು ನಡೆದವರು ಈ ಸೀಮೆಯಲ್ಲಿ ಯಾರಿದ್ದಾರೆ? ಹಿಂದೆ ಬಾರಮ್ಮ."

ಮುಂದೆ ಒಂದು ಬಾಲ ಕಂಡರೆ ಹಿಂದೆ ನಡೆಯುವುದು ಕುರಿಯ ಹುಟ್ಟುಗುಣ. ಚುಕ್ಕಿ ನಡೆಯಿತು. ಒಂದು ಬೇವಿನ ಮರ ಬಂತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಆಮೇಲೆ ಮತ್ತೊಂದು.

"ಅಣ್ಣಾ, ಇದು ಅದೇ ಮರ ಅಲ್ವಾ? ನಾನು ಆಗಲೇ ಹಾಕಿದ ಹಿಕ್ಕೆ ಇಲ್ಲೇ ಬಿದ್ದಿದೆ."

"ದಾರಿ ಅಂದಮೇಲೆ ಬೇವಿನ ಮರವೂ ಬರುತ್ತೆ, ಹಿಕ್ಕೆಯೂ ಬರುತ್ತೆ. ನಿನಗೆ ಕಾಲು ನೋಯ್ತಿದ್ಯೋ ಇಲ್ವೋ?"

"ನೋಯ್ತಿದೆ."

"ಹಾಗಾದರೆ ಮುಂದೆ ಸಾಗ್ತಿದ್ದೀವಿ ಅಂತಲೇ ಅರ್ಥ."

ಅಷ್ಟರಲ್ಲಿ ದೂರದಿಂದ ಮರಿಯ ಕೂಗು ಕೇಳಿಸಿತು. ಕೂಗು ಬಂದದ್ದು ಬಲಗಡೆಯಿಂದ. ಎದುರಿನ ಬಾಲ ಎಡಕ್ಕೆ ತಿರುಗುತ್ತಿತ್ತು. ಹುಟ್ಟಿದಂದಿನಿಂದ ಚುಕ್ಕಿ ಬಾಲ ಕಾಣದ ಕಡೆಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಬಾಲದ ಕಡೆ ಒಮ್ಮೆ, ಕೂಗಿನ ಕಡೆ ಒಮ್ಮೆ ನೋಡಿತು. ಕೂಗು ಇನ್ನೊಮ್ಮೆ ಕೇಳಿಸಿದ್ದೇ ತಡ, ಬಲಕ್ಕೆ ತಿರುಗಿ ಓಡಿತು.

ಹಳ್ಳದ ದಂಡೆಯಲ್ಲಿ ಮರಿ ಕೆಚ್ಚಲಿಗೆ ಬಾಯಿ ಹಾಕುವಾಗ, ಹಿಂದೆ ಬಯಲಿನಿಂದ ಕೆಂಪಣ್ಣ ಮರುಗುವುದು ಕೇಳಿಸಿತು:

"ಛೇ, ಪಾಪ! ಇಷ್ಟು ದೂರ ಬಂದು ದಾರಿ ತಪ್ಪಿಬಿಟ್ಟಳಲ್ಲ!"